ದೀವದ ಪಾಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ದಸರೆಯ ಹೊಸ ಬಟ್ಟೆ ಮೊದಲು ಸಿಗುತ್ತಿದ್ದುದು ಬಂದೂಕಿಗೆ. ಜಗಳೂರಿನ ಸಂತೆಯಿಂದ ತಂದ ಬಿಳಿ ಬಟ್ಟೆಯನ್ನು ಅಪ್ಪ ಚೌಕ ಚೌಕವಾಗಿ ಹರಿದು, ಎಣ್ಣೆಯಲ್ಲಿ ಅದ್ದಿ, ಸಲಾಕೆಯ ತುದಿಗೆ ಸುತ್ತಿ ನಳಿಗೆಯೊಳಗೆ ಆಡಿಸುತ್ತಿದ್ದರು. ಬಟ್ಟೆ ಕಪ್ಪಾಗದೆ ಹೊರಬರುವವರೆಗೂ ಆ ಕೆಲಸ ನಡೆಯುತ್ತಿತ್ತು. ನನಗೂ ಅಕ್ಕನಿಗೂ ಬಟ್ಟೆ ಹೊಲಿಸುವ ಮಾತು ಆಮೇಲೆ. ಆ ಎಣ್ಣೆಯ ವಾಸನೆ, ಸ್ವಲ್ಪ ಕಬ್ಬಿಣ, ಸ್ವಲ್ಪ ಹೊಗೆ ಬೆರೆತಂತಿದ್ದ ವಾಸನೆ, ಇಂದಿಗೂ ನನ್ನ ಮಟ್ಟಿಗೆ ಹಬ್ಬದ ವಾಸನೆಯೇ.

ಅದು ಜರ್ಮನಿಯಲ್ಲಿ ತಯಾರಾದ ಹಳೆಯ ಬೇಟೆಯ ಬಂದೂಕು. ನಮ್ಮ ತಾತ ಒಬ್ಬ ಬಿಳಿ ದೊರೆಯ ಜೊತೆ ಕಾಡು ತಿರುಗುತ್ತಿದ್ದರಂತೆ. ದೊರೆ ತನ್ನ ದೇಶಕ್ಕೆ ಮರಳುವಾಗ ಅದನ್ನು ತಾತನಿಗೆ ಕೊಟ್ಟು ಹೋದನಂತೆ. ಊರಿನ ಇತರರ ಬಳಿ ಇದ್ದದ್ದು ಮದ್ದು ಜಡಿಯುವ ಕೇಪಿನ ಕೋವಿಗಳು. ನಮ್ಮದನ್ನು ಎಲ್ಲರೂ 'ಅಗುಳಿ ಬಂದೂಕು' ಎಂದು ಕರೆಯುತ್ತಿದ್ದರು. ಬಾಗಿಲಿನ ಅಗುಳಿಯಂತಹ ಒಂದು ಕಬ್ಬಿಣದ ಹಿಡಿ ಅದರ ಪಕ್ಕದಲ್ಲಿತ್ತು. ಅದನ್ನು ಮೇಲೆತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಕ್ಕೆ ಮಡಚಿದರೆ ತೋಟೆಯೊಂದು ನಳಿಗೆಯೊಳಗೆ ಹೋಗಿ ಕೂರುತ್ತಿತ್ತು. ಕಟಕ್, ಸರಕ್, ಕಟಕ್ ಎಂಬ ಆ ಸದ್ದಿಗೆ ನಮ್ಮ ನಾಯಿ ನಿದ್ದೆಯಿಂದ ಎದ್ದು ಬಾಗಿಲಿಗೆ ಓಡುತ್ತಿತ್ತು.

ಹಂದಿಯಿಂದ ಜೋಳದ ಬೆಳೆ ಕಾಯಲೆಂದು ಅಪ್ಪನಿಗೆ ಬಂದೂಕಿನ ಲೈಸೆನ್ಸು ಸಿಕ್ಕಿತ್ತು. ಆದರೆ ಅವರು ಹೊಡೆಯುತ್ತಿದ್ದುದು ಹಂದಿಯೊಂದನ್ನೇ ಅಲ್ಲ. ಊರಿನ ಸುತ್ತಲಿನ ಕುರುಚಲು ಕಾಡಿನಲ್ಲಿ ಕೊಂಡುಕುರಿಗಳಿದ್ದವು. ಮೇಕೆಗಿಂತ ಸ್ವಲ್ಪ ಎತ್ತರದ, ಕಂದು ಬಣ್ಣದ, ಬಹಳ ಅಂಜುಬುರುಕ ಪ್ರಾಣಿ ಅದು. ಗಂಡಿಗೆ ನಾಲ್ಕು ಕೊಂಬುಗಳಿರುತ್ತವೆ, ಹೆಣ್ಣಿಗೆ ಇರುವುದಿಲ್ಲ. ಅದನ್ನು ಹೊಡೆಯುವುದು ತಪ್ಪೆಂದು ಆಗ ನಮ್ಮೂರಿನಲ್ಲಿ ಯಾರೂ ತಿಳಿದಿರಲಿಲ್ಲ.

ಒಂದು ಚಳಿಗಾಲದಲ್ಲಿ ಅಪ್ಪ ಒಂದು ಹೆಣ್ಣು ಕೊಂಡುಕುರಿಯನ್ನು ಹೊಡೆದು ತಂದಿದ್ದರು. ಅದರ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಮರುದಿನ ಅಪ್ಪ ಮತ್ತೆ ಅದೇ ಜಾಗಕ್ಕೆ ಹೋಗಿ, ಪೊದೆಯಲ್ಲಿ ಅಡಗಿದ್ದ ಹೆಣ್ಣು ಮರಿಯನ್ನು ಕಂಬಳಿಯಲ್ಲಿ ಸುತ್ತಿ ತಂದು ಅಕ್ಕನ ಮಡಿಲಿಗೆ ಹಾಕಿದರು. ಅಕ್ಕ ಅದಕ್ಕೆ ಬಟ್ಟೆಯ ಬತ್ತಿಯಿಂದ ಮೇಕೆಯ ಹಾಲು ಹೀರಿಸಿದಳು. ಕೂಸು ಎಂದೇ ಕರೆದಳು. ಹಿತ್ತಿಲಿನಲ್ಲಿ ನಿಂತು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಲೊಚ್ ಲೊಚ್ ಎಂದು ಸದ್ದು ಮಾಡಿದರೆ, ಅದು ಎಲ್ಲಿದ್ದರೂ ತಲೆಯೆತ್ತಿ, ಅಂಗೈಯ ಉಪ್ಪಿಗಾಗಿ ಅವಳ ಕಡೆ ತಿರುಗುತ್ತಿತ್ತು. ಅಕ್ಕ ಅದರ ಕೊರಳಿಗೆ ಒಂದು ಸಣ್ಣ ಹಿತ್ತಾಳೆಯ ಗಂಟೆಯನ್ನು ಕಟ್ಟಿದಳು. ಕೊರಳಲ್ಲಿ ಗಂಟೆ ಇದ್ದರೆ ಅದು ಸಾಕಿದ ಪ್ರಾಣಿ, ಅದಕ್ಕೆ ಗುಂಡು ಹಾರಿಸಬಾರದು ಎಂಬುದು ನಮ್ಮ ಕಡೆಯ ಬೇಟೆಗಾರರೆಲ್ಲರೂ ಪಾಲಿಸುತ್ತಿದ್ದ ನಿಯಮ.

ನಾನು ನಿಮಗೆ ಹೇಳಹೊರಟಿರುವುದು ಅದರ ಮುಂದಿನ ಆಯುಧ ಪೂಜೆಯ ದಿನದ ಸಂಗತಿ. ಬಂದೂಕು ಬರಿಗೈಯಲ್ಲಿ ಪೂಜೆಗೆ ಕೂರಬಾರದು ಎಂಬುದು ನಮ್ಮ ಮನೆತನದ ಕಟ್ಟಳೆಯಾಗಿತ್ತು. ಬೆಳಿಗ್ಗೆ ಅದು ಏನನ್ನಾದರೂ ಹೊಡೆದು ತರಬೇಕು, ಸಂಜೆ ಪೂಜೆಯಾಗಬೇಕು. ಆ ಬಾರಿ ಹೊನ್ನಾಳಿಯಿಂದ ಒಬ್ಬ ಗುತ್ತಿಗೆದಾರರು ಬೇಟೆಗೆಂದು ಅತಿಥಿಯಾಗಿ ಬಂದಿದ್ದರು. ಅವರ ಬಳಿಯೂ ಒಂದು ಅಗುಳಿ ಬಂದೂಕು ಇತ್ತು. ಆಸ್ಟ್ರಿಯಾ ದೇಶದ್ದಂತೆ, ಮೇಲೆ ದುರ್ಬೀನು ಬೇರೆ. ಅವರು ಅಪ್ಪನ ಬಂದೂಕನ್ನು ಕೈಗೆತ್ತಿಕೊಂಡು, ಮರದ ಹಿಡಿಯ ಮೇಲೆ ವರ್ಷ ವರ್ಷದಿಂದ ಅಂಟಿದ್ದ ಕೆಂಪನ್ನು ಉಗುರಿನಿಂದ ಕೆರೆದು ನಕ್ಕರು.

"ಏನ್ರೀ ಯಜಮಾನ್ರೆ, ನಿಮ್ಮ ಬಂದೂಕು ಬರೇ ಕುಂಕುಮ ತಿಂದೇ ಬೆಳೆದಂಗೈತೆ."

ಅಪ್ಪ ಬಂದೂಕನ್ನು ಹಿಂದಕ್ಕೆ ಪಡೆದು, ಕೆರೆದ ಜಾಗವನ್ನು ಹೆಬ್ಬೆರಳಿನಿಂದ ಒರೆಸಿದರು. ಅನಂತರ ಹಿತ್ತಿಲಿಗೆ ಬಂದು, ಕೂಸನ್ನು ದೀವಕ್ಕೆ ಒಯ್ಯುವುದಾಗಿ ಅಕ್ಕನಿಗೆ ತಿಳಿಸಿದರು. ಕಾಡಿನ ಪ್ರಾಣಿಯನ್ನು ಹತ್ತಿರಕ್ಕೆ ಸೆಳೆಯಲು ಅದೇ ಜಾತಿಯ ಸಾಕಿದ ಪ್ರಾಣಿಯನ್ನು ಬಯಲಿನಲ್ಲಿ ಕಟ್ಟಿ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದ ಪ್ರಾಣಿಯೇ ದೀವ. ಗಂಟೆಯ ಸದ್ದಿಗೆ ಕಾಡಿನ ಗಂಡು ಹತ್ತಿರ ಸುಳಿಯುವುದಿಲ್ಲ. ಆದ್ದರಿಂದ ಗಂಟೆಯನ್ನು ಬಿಚ್ಚಬೇಕಿತ್ತು. ಕೂಸು ಬೇರೆ ಯಾರಿಗೂ ಕೊರಳು ಮುಟ್ಟಲು ಬಿಡುತ್ತಿರಲಿಲ್ಲ.

"ನೀನೇ ಬಿಚ್ಚಿ ಕೊಡು. ಮಧ್ಯಾಹ್ನಕ್ಕೆ ತಂದು ಬಿಡ್ತೀನಿ, ವಾಪಸ್ ಕಟ್ಟುವಂತೆ," ಎಂದರು ಅಪ್ಪ.

ಅಕ್ಕ ಬಿಚ್ಚಿದಳು. ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಾಗಿಲಿನವರೆಗೆ ಬಂದಳು. ಹಗ್ಗ ಹಿಡಿದು ನಡೆಯಲು ಅಪ್ಪ ನನ್ನನ್ನು ಕರೆದುಕೊಂಡರು. ಜೊತೆಗೆ ಗುತ್ತಿಗೆದಾರರು, ನಮ್ಮ ದೊಡ್ಡಪ್ಪ, ಮತ್ತು ನಾಯಿ.

ಕಾಡಿನಲ್ಲಿ ಆಗತಾನೇ ಇಬ್ಬನಿ ಆರುತ್ತಿತ್ತು. ಕಾಲಿಗೆ ತಾಗಿದ ಹುಲ್ಲು ತಣ್ಣಗಿತ್ತು, ಕಾರೆಯ ಮುಳ್ಳಿನ ಪೊದೆಗಳಿಂದ ಹುಳಿ ವಾಸನೆ ಬರುತ್ತಿತ್ತು. ಒಣಗಿದ ಹಳ್ಳದ ಆಚೆ ದಡದಲ್ಲಿ ಕೂಸನ್ನು ಕಟ್ಟಿ, ನಾವು ಈಚೆ ಬಂಡೆಗಳ ಹಿಂದೆ ಮಲಗಿದೆವು. ದೊಡ್ಡಪ್ಪ ನಾಯಿಯ ಬಾಯನ್ನು ಕೈಯಿಂದ ಮುಚ್ಚಿ ಹಿಡಿದಿದ್ದರು. ಬಹಳ ಹೊತ್ತು ಏನೂ ಆಗಲಿಲ್ಲ. ಕೂಸು ಎಲೆ ಹರಿಯುತ್ತಾ, ಆಗಾಗ ನಮ್ಮ ಬಂಡೆಯ ಕಡೆಗೆ ನೋಡುತ್ತಾ ನಿಂತಿತ್ತು. ಕೊನೆಗೆ ಪೊದೆಯ ನೆರಳಿನಿಂದ ಒಂದು ಗಂಡು ಹೊರಬಂದಿತು. ಒಂದೊಂದೇ ಹೆಜ್ಜೆ ಇಡುತ್ತಾ, ಮೂಗು ಚಾಚಿ, ನಡುಗುತ್ತಾ ಬಂದಿತು.

ಮೊದಲ ಗುಂಡು ಅತಿಥಿಗಳದ್ದು. ದುರ್ಬೀನಿಗೆ ಕಣ್ಣಿಟ್ಟು ಅವರು ಹೊಡೆದ ಗುಂಡು ಎಲ್ಲಿಗೋ ಹೋಯಿತು. ಗಂಡು ಇದ್ದಕ್ಕಿದ್ದಂತೆ ಮಾಯವಾಯಿತು. ಕೂಸು ಬೆದರಿ ಹಾರಿದ ರಭಸಕ್ಕೆ ಹಗ್ಗ ಕಿತ್ತುಹೋಗಿ, ಅದೂ ದಡದ ಮೇಲೆ ಓಡತೊಡಗಿತು. ಬಿಸಿಲು ದುರ್ಬೀನಿನೊಳಗೆ ಬಿದ್ದಿತೆಂದು ಗುತ್ತಿಗೆದಾರರು ಹೇಳಿದರು. ಮೈಮೇಲಿನ ಮಣ್ಣು ಕೊಡವಿಕೊಂಡು, ಅಪ್ಪನ ಬಂದೂಕಿನ ಕಡೆ ನೋಡಿ ಮತ್ತೆ ನಕ್ಕರು.

"ಇವತ್ತು ನಿಮ್ಮ ಬಂದೂಕಿಗೆ ಬರೇ ಕುಂಬಳಕಾಯಿನೇ ಗತಿ ಬಿಡ್ರಿ."

ಮಕ್ಕಳೇ, ಮುಂದಿನದನ್ನು ಅದು ನಡೆದಂತೆಯೇ ಹೇಳುತ್ತೇನೆ, ಮೃದು ಮಾಡುವುದಿಲ್ಲ. ಅಪ್ಪ ಎದ್ದು ನಿಂತರು. ಅಗುಳಿಯನ್ನು ಎತ್ತಿ, ಎಳೆದು, ತಳ್ಳಿ, ಮಡಚಿದರು. ಬಳಿಕ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ, ಥೇಟ್ ಅಕ್ಕನ ಹಾಗೆ, ಲೊಚ್ ಲೊಚ್ ಎಂದರು.

ಓಡುತ್ತಿದ್ದ ಕೂಸು ನಿಂತಿತು. ತಿರುಗಿತು. ಕಿವಿಗಳೆರಡನ್ನೂ ಮುಂದಕ್ಕೆ ಚಾಚಿ ನಮ್ಮನ್ನು ನೋಡಿತು. ಅಂಗೈಯಲ್ಲಿ ಉಪ್ಪು ಕೊಡುವವರು ಅಲ್ಲಿದ್ದಾರೆಂದು ಅದಕ್ಕೆ ಗೊತ್ತಿತ್ತು. ಅಪ್ಪ ನಳಿಗೆಯ ತುದಿಯ ಸಣ್ಣ ಮಣಿಯನ್ನು ಅದರ ಎದೆಗೆ ನೇರ ಹಿಡಿದು ಹೊಡೆದರು. ಅವರ ಗುಂಡು ತಪ್ಪುತ್ತಿರಲಿಲ್ಲ. ಅಗುಳಿ ಎಳೆದಾಗ ಖಾಲಿ ತೋಟೆ ಬಂಡೆಯ ಮೇಲೆ ಟಿಣ್ ಎಂದು ಬಿದ್ದು ನನ್ನ ಕಾಲಿನ ಬಳಿಗೆ ಉರುಳಿತು. ಅದಿನ್ನೂ ಬಿಸಿಯಾಗಿತ್ತು.

"ನಿಂತದ್ದನ್ನ ಹೊಡೆಯೋದು ಏನು ದೊಡ್ಡದು," ಎಂದರು ಗುತ್ತಿಗೆದಾರರು. ಗೋಡೆಗೆ ನೇತುಹಾಕಲು ತಲೆಯನ್ನು ಒಯ್ಯುವಿರಾ ಎಂದು ದೊಡ್ಡಪ್ಪ ಕೇಳಿದಾಗ, ಕೊಂಬಿಲ್ಲದ ತಲೆ ತಮಗೆ ಬೇಡವೆಂದರು.

ಪಾಲು ಹಾಕಿದ್ದು ನಮ್ಮ ಮನೆಯ ಅಂಗಳದಲ್ಲಿ. ಬೇಟೆಯ ಪಾಲಿನಲ್ಲಿ ಮೋಸ ನಡೆಯುತ್ತಿರಲಿಲ್ಲ, ಅದನ್ನು ನಾನು ಒಪ್ಪಲೇಬೇಕು. ಮುತ್ತುಗದ ಎಲೆಗಳನ್ನು ಸಾಲಾಗಿ ಹಾಸಿ ದೊಡ್ಡಪ್ಪ ಕೊಯ್ದು ಇಟ್ಟರು. ಬಂದೂಕಿಗೆ ಒಂದು ಪಾಲು, ನಾಯಿಗೆ ಒಂದು, ಹೋದವರಿಗೆಲ್ಲ ಒಂದೊಂದು. ಕಡೆಗೆ ಒಂದು ಎಲೆ ಉಳಿಯಿತು. ಅದು ದೀವದ ಪಾಲು. ದೀವದ ಪ್ರಾಣಿಯನ್ನು ಸಾಕಿದವರು ಯಾರೋ ಅವರಿಗೆ ಸಲ್ಲಬೇಕಾದದ್ದು. ಅದನ್ನು ಏನು ಮಾಡಬೇಕೆಂದು ತೋಚದೆ ದೊಡ್ಡಪ್ಪ ಅಪ್ಪನ ಮುಖ ನೋಡಿದರು.

"ಮಗಳದು. ಕೊಡು," ಎಂದರು ಅಪ್ಪ. "ಪದ್ಧತಿ ಪದ್ಧತಿನೇ. ಯಾರ ಪಾಲೂ ತಪ್ಪಬಾರದು."

ಅಕ್ಕ ಆಗಷ್ಟೇ ಬಾವಿಯಿಂದ ನೀರು ತಂದು ಇಳಿಸಿದ್ದಳು. ಎಲೆಯನ್ನು ಎರಡೂ ಕೈಗಳಲ್ಲಿ ಪಡೆದಳು. ಬೇಟೆ ಚೆನ್ನಾಗಿ ಆಯಿತೆಂದು ಅವಳಿಗೆ ಸಂತೋಷವೇ ಆಗಿರಬೇಕು. ಅಂಗಳದ ತುಂಬ ಕಣ್ಣಾಡಿಸಿ, ಬಾಗಿಲಿನ ಆಚೆಗೂ ನೋಡಿದಳು.

"ಕೂಸು ಎಲ್ಲಪ್ಪಾ?"

ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಗುತ್ತಿಗೆದಾರರು ಹೇಳಿದರು: "ನಿನ್ನ ಕೈಯಾಗೇ ಐತಲ್ಲವ್ವ."

ಅಕ್ಕ ಕಿರುಚಲಿಲ್ಲ. ಎಲೆಯನ್ನು ಕೆಳಗೆ ಹಾಕಲೂ ಇಲ್ಲ. ಅದರ ಅಂಚಿನಿಂದ ಒಂದು ಕೆಂಪು ಹನಿ ಅವಳ ಮಣಿಕಟ್ಟಿನ ಮೇಲೆ ಹರಿದು ಮೊಣಕೈವರೆಗೆ ಹೋಯಿತು. ಅವ್ವ ಒಳಗಿನಿಂದ ಬಂದು ಎಲೆಯನ್ನು ತೆಗೆದುಕೊಂಡು, ಉಳಿದ ಪಾಲಿನ ಜೊತೆಗೆ ಗಡಿಗೆಗೆ ಸುರಿದಳು. ಮುಖ ತೊಳೆದುಕೊಂಡು ಬಾ, ಪೂಜೆಯ ಹೊತ್ತಾಯಿತು ಎಂದಳು. ಅವ್ವನಿಗೆ ಅಷ್ಟೇ ಹೇಳಲು ಸಾಧ್ಯವಿತ್ತು.

ಬಂದೂಕಿಗೆ ಕುಂಕುಮವಿಟ್ಟು ಕಂಕಣ ಕಟ್ಟುವ ಕೆಲಸ ಮನೆಯ ಮದುವೆಯಾಗದ ಹೆಣ್ಣುಮಗಳದ್ದು. ಗೋಡೆಗೆ ಒರಗಿಸಿದ್ದ ಬಂದೂಕಿನ ಸುತ್ತ ಕುಡುಗೋಲು, ಕೊಡಲಿ, ಕುಂಟೆಯ ಕುಡ, ಚೆಂಡು ಹೂವಿನ ರಾಶಿ. ಅಕ್ಕ ಸ್ನಾನ ಮಾಡಿ ಬಂದು, ಎಲ್ಲಕ್ಕೂ ಕುಂಕುಮ ಇಟ್ಟಳು. ನಳಿಗೆಗೂ ಇಟ್ಟಳು. ಆಮೇಲೆ ಅರಿಶಿನದ ದಾರವನ್ನು ಬಂದೂಕಿನ ತೊಗಲಿನ ಪಟ್ಟಿಗೆ ಸುತ್ತಿ, ಗಂಟು ಹಾಕಿದಳು. ಗಂಟು ಬಿಗಿಯುವಾಗ ಟಿಣ್ ಎಂದು ಸದ್ದಾಯಿತು. ಬೆಳಿಗ್ಗೆ ಕೂಸಿನ ಕೊರಳಿನಿಂದ ಬಿಚ್ಚಿಟ್ಟಿದ್ದ ಹಿತ್ತಾಳೆಯ ಗಂಟೆಯನ್ನು ಅವಳು ಆ ದಾರಕ್ಕೆ ಪೋಣಿಸಿದ್ದಳು.

ಅಪ್ಪನ ಮುಖ ಕಪ್ಪಿಟ್ಟಿತು. ಸದ್ದು ಮಾಡುವ ಬಂದೂಕನ್ನು ಹೊತ್ತು ಯಾರೂ ಬೇಟೆಗೆ ಹೋಗಲಾರರು. ಕಟ್ಟಿದ ಕಂಕಣವನ್ನು ಬಿಚ್ಚುವಂತೆಯೂ ಇರಲಿಲ್ಲ. ದಾರ ತಾನಾಗಿ ಸವೆದು ಬೀಳುವವರೆಗೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದೂ ನಮ್ಮ ಮನೆತನದ ಕಟ್ಟಳೆಯೇ.

"ಬಿಚ್ಚು ಅದನ್ನ," ಎಂದರು ಅಪ್ಪ.

"ಕಂಕಣ ಬಿಚ್ಚೋ ಪದ್ಧತಿ ನಮ್ಮ ಮನೆಯಾಗೆ ಐತಾ, ಅಪ್ಪಾ?" ಎಂದಳು ಅಕ್ಕ. "ಪದ್ಧತಿ ಪದ್ಧತಿನೇ ಅಂದಿ. ನೀನೇ ಬಿಚ್ಚು."

ಅತಿಥಿಗಳು ನೋಡುತ್ತಿದ್ದರು, ದೊಡ್ಡಪ್ಪ ನೋಡುತ್ತಿದ್ದರು. ಅಪ್ಪ ಕೈಮುಗಿದು, ಕುಂಬಳಕಾಯಿ ಒಡೆದು ಪೂಜೆ ಮುಗಿಸಿದರು.

ಅಕ್ಕ ಗೆದ್ದಳು ಎಂದು ನಾನು ಭಾವಿಸಿದೆ. ನೀವೂ ಹಾಗೆಯೇ ಭಾವಿಸುತ್ತಿರಬಹುದು. ಮರುದಿನ ಬೆಳಿಗ್ಗೆ ಅಪ್ಪ ದೇವರ ಗೂಡಿನ ಮುಂದೆ ಕುಳಿತು, ದೀಪಕ್ಕೆಂದು ಅಕ್ಕ ಹೊಸೆದಿಟ್ಟಿದ್ದ ಹತ್ತಿಯ ಬತ್ತಿಗಳನ್ನು ಬುಟ್ಟಿಯಿಂದ ತೆಗೆದರು. ಅವುಗಳನ್ನು ಗಂಟೆಯ ನಾಲಿಗೆಗೆ ಒಂದರ ಮೇಲೊಂದರಂತೆ ಬಿಗಿಯಾಗಿ ಸುತ್ತಿದರು. ಕಂಕಣವನ್ನು ಮುಟ್ಟಲಿಲ್ಲ. ಬಂದೂಕನ್ನು ಹೆಗಲಿಗೇರಿಸಿ ಒಮ್ಮೆ ಕುಲುಕಿ ನೋಡಿದರು. ಗಂಟೆ ಅಲ್ಲಾಡಿತು, ಸದ್ದು ಬರಲಿಲ್ಲ. ನಾಯಿಯನ್ನು ಕರೆದು ಹೊರಟುಹೋದರು. ಒಲೆಯ ಮುಂದಿದ್ದ ಅಕ್ಕ ಅದನ್ನೆಲ್ಲ ನೋಡಿದಳು.

ಕಾಲ ಸರಿದು ಕಾನೂನು ಬಂದಿತು, ಬೇಟೆ ನಿಂತಿತು. ಅಪ್ಪ ತೀರಿಹೋದ ಬಳಿಕ ಬಂದೂಕನ್ನು ನಾನೇ ಠಾಣೆಗೆ ಒಪ್ಪಿಸಿದೆ. ನಮ್ಮ ಮನೆಯ ಆಯುಧ ಪೂಜೆಯಲ್ಲಿ ಈಗ ಕುಂಕುಮ ಬೀಳುವುದು ನಿಮ್ಮ ಸೈಕಲ್ಲಿಗೆ, ನಿಮ್ಮಪ್ಪನ ಬೈಕಿಗೆ, ಲ್ಯಾಪ್‌ಟಾಪಿಗೆ. ಅಂದು ಅಪ್ಪ ಬೇಟೆಯಾಡುತ್ತಿದ್ದ ಕುರುಚಲು ಕಾಡು ಇಂದು ಕೊಂಡುಕುರಿಗಳಿಗಾಗಿಯೇ ಇರುವ ಅಭಯಾರಣ್ಯ. ನಾವು ಬಂಡೆಯ ಹಿಂದೆ ಉಸಿರು ಹಿಡಿದು ಮಲಗುತ್ತಿದ್ದ ಜಾಗಕ್ಕೆ ನೀವು ಜೀಪಿನಲ್ಲಿ, ಚಿಪ್ಸ್ ತಿನ್ನುತ್ತಾ, ಫೋನು ಹಿಡಿದು ಹೋಗುತ್ತೀರಿ.

ಕಳೆದ ತಿಂಗಳು ನಾವೆಲ್ಲ ಅಲ್ಲಿಗೆ ಹೋಗಿದ್ದಾಗ ಸವಳಂಗದ ಅಜ್ಜಿಯೂ ಜೊತೆಗಿದ್ದರು. ದಾರಿಯ ಬದಿಯಲ್ಲೇ ಒಂದು ಹೆಣ್ಣು ಕೊಂಡುಕುರಿ ನಿಂತು, ಕಿವಿಗಳನ್ನು ಮುಂದಕ್ಕೆ ಚಾಚಿ ನಿಮ್ಮನ್ನೇ ನೋಡುತ್ತಿತ್ತು. ನೀವು ಫೋನುಗಳನ್ನು ಎತ್ತುವಷ್ಟರಲ್ಲಿ ಅಜ್ಜಿ ಎದ್ದು ನಿಂತು, ಎರಡೂ ಕೈಗಳಿಂದ ಜೋರಾಗಿ ಚಪ್ಪಾಳೆ ತಟ್ಟಿ ಅದನ್ನು ಓಡಿಸಿಬಿಟ್ಟರು. ನಿಮ್ಮ ಚಿತ್ರದಲ್ಲಿ ಉಳಿದದ್ದು ಧೂಳು, ಮತ್ತು ಅಡ್ಡ ಬಂದ ಆ ಕೈಗಳು. ಊರು ತಲುಪುವವರೆಗೂ ನೀವು ಅವರೊಡನೆ ಮಾತು ಬಿಟ್ಟಿರಿ. ಅಜ್ಜಿಗೆ ವಯಸ್ಸಾಯಿತು, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ನಿಮ್ಮಲ್ಲಿ ಒಬ್ಬರು ಹೇಳಿದ್ದನ್ನೂ ನಾನು ಕೇಳಿಸಿಕೊಂಡೆ.

ಆ ಅಜ್ಜಿಯೇ ನನ್ನ ಅಕ್ಕ. ಜೀಪು ಮುಂದೆ ಹೋದ ಮೇಲೆ ಅವರು ನನಗೆ ಮಾತ್ರ ಕೇಳುವಂತೆ ಹೇಳಿದ್ದು ಇಷ್ಟೇ: "ಮನುಷ್ಯರನ್ನ ಕಂಡು ಅದು ನಿಲ್ಲಾಕೆ ಕಲೀಬಾರದು ಕಣೋ."