ಗಂಗಕ್ಕನ ಕಿಟಕಿ ಮಣೆ

ಗಂಡು ಯಾವುದು, ಹೆಣ್ಣು ಯಾವುದು ಎಂದು ನೋಡಿ ಹೇಳುವುದೇ ಗಂಗಲಕ್ಷ್ಮಮ್ಮನ ಕಸುಬು. ಗಾಬರಿಯಾಗಬೇಡಿ, ರೇಷ್ಮೆ ಹುಳದ ಮಾತು. ರಾಮನಗರ ದಾಟಿ ಮಾಗಡಿ ಕಡೆಗೆ ಹೊರಟರೆ ಎಡಗಡೆ ಹೆಂಚಿನ ಉದ್ದನೆಯ ಕಟ್ಟಡವೊಂದು ಸಿಗುತ್ತದೆ. ಅದು ಇದ್ರೀಸ್ ಸಾಹೇಬರ ಬಿತ್ತನೆ ಕೋಠಿ. ರೈತರು ಸಾಕುವ ಹುಳದ ಮೊಟ್ಟೆ ತಯಾರಾಗುವುದು ಇಂಥ ಕಡೆಯೇ. ಗಂಗಲಕ್ಷ್ಮಮ್ಮ ಇಲ್ಲಿಗೆ ಬಂದಾಗ ಅವಳಿಗೆ ಹತ್ತೊಂಬತ್ತು. ಈಗ ಐವತ್ತಾರು. ಕೋಠಿಯ ಹೆಂಗಸರಿಗೆಲ್ಲ ಅವಳು ಗಂಗಕ್ಕ.

ಕೆಲಸ ಕೇಳುವುದಕ್ಕೆ ಸುಲಭ. ಗೂಡನ್ನು ಬ್ಲೇಡಿನಿಂದ ಹುಷಾರಾಗಿ ಕೊಯ್ದರೆ ಒಳಗೆ ಕಂದು ಬಣ್ಣದ ಕೋಶ ಮಲಗಿರುತ್ತದೆ. ನೆನ್ನೆ ಮೊನ್ನೆಯವರೆಗೆ ಸೊಪ್ಪು ಮೇಯುತ್ತಿದ್ದ ಹುಳ ಅದು. ಇನ್ನೊಂದು ವಾರಕ್ಕೆ ಚಿಟ್ಟೆಯಾಗಿ ಎದ್ದು ಬರುತ್ತದೆ. ಅದರ ಹೊಟ್ಟೆಯ ಕೊನೆಯಲ್ಲಿ, ಎಳ್ಳಿನಷ್ಟು ಜಾಗದಲ್ಲಿ, ಗಂಡಾದರೆ ಒಂದು ಚುಕ್ಕೆ, ಹೆಣ್ಣಾದರೆ ಅಡ್ಡಡ್ಡ ದಾಟಿದ ಎರಡು ಸಣ್ಣ ಗೆರೆ. ನೋಡಬೇಕು, ಬೇರೆ ಬೇರೆ ತಟ್ಟೆಗೆ ಹಾಕಬೇಕು, ಅಷ್ಟೆ. ಹೊಸಬರು ಬಂದರೆ ಮೊದಲ ವಾರ ಚುಕ್ಕೆಯೂ ಕಾಣದೆ ಗೆರೆಯೂ ಕಾಣದೆ ಅಳುವ ಹಾಗಾಗುತ್ತಾರೆ. ಗಂಗಕ್ಕ ಮಾತ್ರ ಮನೆಯ ಸುದ್ದಿ ಹೇಳುತ್ತಲೇ ದಿನಕ್ಕೆ ಸಾವಿರಗಟ್ಟಲೆ ಆರಿಸಿಬಿಡುತ್ತಿದ್ದಳು.

ಬೇರೆ ಮಾಡುವುದಕ್ಕೆ ಕಾರಣವಿದೆ. ಹೆಣ್ಣು ನಮ್ಮ ಕಡೆಯ ಮೈಸೂರು ತಳಿಯದು, ಗಂಡು ಬೇರೆ ತಳಿಯದು. ಎರಡೂ ಕೂಡಿದರೇ ರೈತನಿಗೆ ಬೇಕಾದ ಮಿಶ್ರತಳಿ ಮೊಟ್ಟೆ. ಹೆಣ್ಣಿನ ಕೋಣೆಗೆ ಅದೇ ತಳಿಯ ಗಂಡೊಂದು ನುಸುಳಿದರೂ ಸಾಕು, ಸುಮ್ಮನೆ ಕೂರುವ ಜಾತಿಯಲ್ಲ ಅದು. ಬೆಳಕು ಹರಿಯುವುದರೊಳಗೆ ಜೋಡಿ ಕಟ್ಟಿರುತ್ತದೆ. ಹಾಗಾಗಿ ಕೋಠಿಯಲ್ಲಿ ಒಂದು ರೂಢಿ. ಗೊತ್ತಾಗದ ಕೋಶಗಳನ್ನು ಯಾರೂ ಊಹೆಯ ಮೇಲೆ ಹಾಕುವಂತಿಲ್ಲ, ಸ್ಟೀಲಿನ ಬಟ್ಟಲೊಂದರಲ್ಲಿ ಎತ್ತಿಡಬೇಕು. ಅದಕ್ಕೆ ಅನುಮಾನದ ಬಟ್ಟಲು ಎಂದೇ ಹೆಸರು. ಎಲ್ಲರ ಬಟ್ಟಲೂ ಕೊನೆಗೆ ಕಿಟಕಿ ಪಕ್ಕದ ಮಣೆಗೆ ಬರುತ್ತವೆ. ಆ ಮಣೆಯಲ್ಲಿ ಕೂತವರ ಮಾತೇ ಕೊನೆಯ ಮಾತು. ಇಪ್ಪತ್ತು ವರ್ಷದಿಂದ ಅಲ್ಲಿ ಕೂತಿದ್ದವಳು ಗಂಗಕ್ಕ.

ಆ ಮಣೆಯ ಮೇಲೆ ಅವಳಿಗೆ ಎಷ್ಟು ಅಭಿಮಾನವಿತ್ತು ಎಂದು ತಿಳಿಯುವುದಕ್ಕೆ ಅವಳ ಮನೆಯ ಕತೆ ಸ್ವಲ್ಪ ಗೊತ್ತಿರಬೇಕು. ಅವಳಿಗೆ ಮೂವರೂ ಹೆಣ್ಣುಮಕ್ಕಳೇ. ಮೂರನೆಯದು ಹುಟ್ಟಿದ ದಿನ ಅತ್ತೆ ಬಾಣಂತಿಯ ಮುಂದೆಯೇ, "ಊರಿನ ಹುಳದಾಗೆ ಸಾವ್ರ ಗಂಡು ಆರುಸ್ತಾಳೆ, ಮನೆಗೊಂದು ಗಂಡು ತರಾಕಾಗ್ನಿಲ್ಲ" ಎಂದಿದ್ದಳು. ಅಂದು ಗಂಗಕ್ಕ ಗೋಡೆಯ ಕಡೆ ತಿರುಗಿ ಅತ್ತಳು. ಮೂರು ತಿಂಗಳು ಕಳೆದು ಕೋಠಿಗೆ ವಾಪಸ್ಸು ಬಂದಾಗ ಹೆಣ್ಣಿನ ತಟ್ಟೆಯನ್ನು ಸುಮ್ಮನೆ ನೋಡುತ್ತ ಕೂತಳು. ಅಲ್ಲಿ ಹೆಣ್ಣಿಗೇ ಮರ್ಯಾದೆ. ಚಿಟ್ಟೆಗೆ ಉಣ್ಣುವುದಕ್ಕೆ ಬಾಯಿಲ್ಲ, ಹಾರುವಷ್ಟು ರೆಕ್ಕೆಯಿಲ್ಲ, ಇರುವುದು ನಾಲ್ಕೈದು ದಿನ. ಅಷ್ಟರಲ್ಲಿ ನಾನೂರು ಮೊಟ್ಟೆಯನ್ನು ಹಾಳೆಯ ಮೇಲೆ ಒತ್ತೊತ್ತಾಗಿ ಇಟ್ಟು ಹೋಗುತ್ತದೆ ಆ ತಾಯಿ. ಅಂದಿನಿಂದ ಅತ್ತೆಯ ಮಾತು ಅವಳಿಗೆ ನಾಟಲಿಲ್ಲ. ನಾಟಿದರೂ ತೋರಿಸಿಕೊಳ್ಳಲಿಲ್ಲ ಅನ್ನಿ.

ಬಸುರಿಯರು ಯಾರಾದರೂ, "ಗಂಗಕ್ಕ, ನಂದು ಒಸಿ ನೋಡಿ ಹೇಳು" ಎಂದು ಹೊಟ್ಟೆ ತೋರಿಸಿ ಚೇಷ್ಟೆ ಮಾಡಿದರೆ ಅವಳಿಗೆ ರೇಗುತ್ತಿತ್ತು. "ನಾನು ನೋಡದು ಹುಳ ಕಣವ್ವ, ಮಕ್ಕಳ್ನಲ್ಲ" ಎಂದು ಮುಖ ತಿರುಗಿಸುತ್ತಿದ್ದಳು.

ಹೋದ ದೀಪಾವಳಿ ಕಳೆದ ಮೇಲೆ ಅವಳ ಬಲಗಣ್ಣಿಗೆ ಪೊರೆ ಬಂತು. ಸಂಕ್ರಾಂತಿ ಹೊತ್ತಿಗೆ ಎಡಗಣ್ಣೂ ಮಂಜಾಯಿತು. ಗಂಗಕ್ಕ ಯಾರಿಗೂ ಹೇಳಲಿಲ್ಲ. ಕಣ್ಣಿಲ್ಲ ಎಂದರೆ ಮಣೆ ಹೋಯಿತು. ಮಣೆ ಹೋದರೆ ಕೋಠಿಯಲ್ಲಿ ಕಸ ಗುಡಿಸಿಕೊಂಡು ಇರಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. ಎರಡೂ ಅವಳಿಂದ ಆಗದು. ಅದಕ್ಕೇ ಒಂದು ಉಪಾಯ ಹೂಡಿದಳು. ಹೆಣ್ಣು ಕೋಶದ ಹೊಟ್ಟೆ ತುಂಬ ಮೊಟ್ಟೆ, ಹಾಗಾಗಿ ತೂಕ ಜಾಸ್ತಿ. ಬಟ್ಟಲಿನ ಕೋಶವನ್ನು ಕಣ್ಣ ಹತ್ತಿರ ಹಿಡಿದು ನೋಡಿದಂತೆ ಮಾಡಿ, ಅಂಗೈಯಲ್ಲಿ ಒಂದು ಸಲ ಕುಲುಕಿ ಭಾರ ನೋಡಿ ಹೇಳಿಬಿಡುವಳು. ಎರಡು ತಿಂಗಳು ಅಂಗೈ ಮೋಸ ಮಾಡಲಿಲ್ಲ.

ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ಶ್ವೇತ. ಬೈರಮಂಗಲದ ಹುಡುಗಿ, ಇಲ್ಲಿಗೆ ಸೊಸೆಯಾಗಿ ಬಂದವಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, ಹೊಟ್ಟೆಯಲ್ಲಿ ಐದು ತಿಂಗಳು. ಮಾತು ಕಡಿಮೆ, ಕಣ್ಣು ಚುರುಕು. ಮಾರ್ಚಿನಲ್ಲಿ ಒಂದು ದಿನ ಅವಳು ತನ್ನ ಬಟ್ಟಲಿನಲ್ಲಿ ಒಂಬತ್ತು ಕೋಶ ತಂದಿಟ್ಟಳು.

"ಇವು ಗಂಡು ಅನ್ಸುತ್ತೆ ಗಂಗಕ್ಕ. ಚುಕ್ಕೆ ಇದ್ದಂಗೈತೆ, ಆದ್ರೂ ಒಸಿ ನೋಡು."

ಗಂಗಕ್ಕ ಒಂದೊಂದನ್ನೇ ಕುಲುಕಿದಳು. ಆ ಸಲ ಬಂದ ಗೂಡುಗಳು ಬೇಸಗೆಯ ಒಣ ಸೊಪ್ಪು ತಿಂದ ಹುಳದವು. ಹೆಣ್ಣುಗಳೇ ಬಡಕಲಾಗಿದ್ದವು, ಅವುಗಳ ನಡುವೆ ದುಂಡಗಿದ್ದ ಗಂಡು ಹೆಣ್ಣಿನಷ್ಟೇ ತೂಗುತ್ತಿತ್ತು. "ಹೆಣ್ಣು ಕಣವ್ವ. ತಟ್ಟೆಗೆ ಹಾಕು" ಎಂದಳು. ಶ್ವೇತ ಒಂದು ಗಳಿಗೆ ತಡೆದು ನಿಂತು, ಹಾಕಿದಳು.

ವಾರದ ಮೇಲೆ ಚಿಟ್ಟೆ ಏಳುವ ದಿನ. ಆ ದಿನ ಹೆಂಗಸರೆಲ್ಲ ಬೆಳಗಿನ ಜಾವ ಐದು ಗಂಟೆಗೇ ಬರಬೇಕು. ಹೆಣ್ಣಿನ ಕೋಣೆಗೆ ಹೋಗುವ ಮೊದಲು ಸೀರೆ ಸೆರಗು, ತಲೆಯ ಹೂವು ಎಲ್ಲ ಕೊಡವಿಕೊಂಡೇ ಹೋಗಬೇಕು, ಎಲ್ಲಾದರೂ ಗಂಡು ಚಿಟ್ಟೆ ಅಂಟಿಕೊಂಡು ಬಂದೀತೆಂದು. ಹೆಣ್ಣು ಚಿಟ್ಟೆ ಎದ್ದ ಜಾಗದಲ್ಲೇ ಕೂತಿರುತ್ತದೆ. ನೂರಾರು ಹೆಣ್ಣು ಕೂತ ಕೋಣೆ ಅಂದು ಪರೀಕ್ಷೆ ನಡೆಯುವ ತರಗತಿಯಷ್ಟು ಮೌನ. ಗಂಗಕ್ಕ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಫರಫರ ಫರಫರ ಎಂದು ಸಣ್ಣ ಸದ್ದು. ಹೆಣ್ಣಿನ ವಾಸನೆ ಹಿಡಿದ ಗಂಡು ಮಾತ್ರ ಹಾಗೆ ರೆಕ್ಕೆ ಬಡಿಯುತ್ತ ಕುಣಿಯುವುದು. ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಅವಳು ಸದ್ದಿನ ಹಿಂದೆ ನಡೆದು ಮೂರನೆಯ ಅಟ್ಟಣೆಯ ಮುಂದೆ ನಿಂತಳು. ಯಾರ ತಟ್ಟೆ ಎಂದು ಗುರುತಿಗೆ ಕಟ್ಟಿದ ದಾರವನ್ನು ಕಣ್ಣ ಹತ್ತಿರ ಹಿಡಿದಳು. ಹಸಿರು. ಶ್ವೇತಳದು.

ಅವಳಿಗೆ ತಕ್ಷಣ ಗೊತ್ತಾಯಿತು. ಒಂಬತ್ತು. ತಾನು ಹಾಕಿಸಿದ ಒಂಬತ್ತು.

ಅಷ್ಟರಲ್ಲಿ ಇದ್ರೀಸ್ ಸಾಹೇಬರೇ ಬಂದರು. ಮೆತ್ತಗಿನ ಮನುಷ್ಯ, ಆದರೆ ಬಿತ್ತನೆಯ ವಿಷಯಕ್ಕೆ ಬಂದರೆ ಉರಿ. ತಟ್ಟೆ ನೋಡಿದರು, ಆಗಲೇ ಕೂಡಿದ್ದ ಜೋಡಿಗಳನ್ನು ನೋಡಿದರು, ದಾರ ನೋಡಿದರು.

"ಸಾತನೂರಿನವರಿಗೆ ನಾಳಿದ್ದು ಮೊಟ್ಟೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಈ ತಟ್ಟೆ ಪೂರಾ ಸುಡಬೇಕೀಗ. ಏನಮ್ಮ ಶ್ವೇತ, ಕಣ್ಣು ಎಲ್ಲಿಟ್ಟಿದ್ದೆ? ನಿನ್ನ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು, ಮನೇಲಿರು."

ಶ್ವೇತಳ ಕಣ್ಣು ತುಂಬಿದವು. ಒಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವಳು ಗಂಗಕ್ಕನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. "ತಪ್ಪಾಯ್ತು ಸಾಬ್ರೇ" ಎಂದಳು.

ಗಂಗಕ್ಕನಿಗೆ ಅರ್ಥವಾಯಿತು. ಈ ಹುಡುಗಿಗೆ ಎಲ್ಲ ಗೊತ್ತು. ಕುಲುಕಿ ನೋಡುವುದೂ ಗೊತ್ತು, ಕಣ್ಣು ಕಾಣದ್ದೂ ಗೊತ್ತು. ಗೊತ್ತಿದ್ದೂ ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾಳೆ. ಇಪ್ಪತ್ತು ವರ್ಷದ ಮಣೆ ಕಣ್ಣ ಮುಂದೆ ಬಂತು. ಸುಮ್ಮನಿದ್ದರೆ ಅದು ಉಳಿಯುತ್ತಿತ್ತು. ಸುಳ್ಳೇಕೆ, ಒಂದು ಕ್ಷಣ ಸುಮ್ಮನೆಯೇ ಇದ್ದಳು.

"ಅವಳದ್ದಲ್ಲ ಸಾಬ್ರೇ" ಎಂದಳು ಆಮೇಲೆ. "ಅವಳು ಗಂಡು ಅಂತ್ಲೇ ತಂದಿದ್ಲು. ಹೆಣ್ಣು ಅಂತ ಹಾಕ್ಸಿದ್ದು ನಾನು. ನಂಗೆ ಕಣ್ಣು ಕಾಣಾಕಿಲ್ಲ. ಎರಡು ತಿಂಗ್ಳಾಯ್ತು."

ಇದ್ರೀಸ್ ಸಾಹೇಬರು ಅವಳ ಕಡೆ ತಿರುಗಿದರು. ಅವರಿಗೆ ಕೋಶದ ಗೆರೆ ತೋರಿಸಿ ಕಲಿಸಿದವಳು ಇವಳೇ, ಅವರ ಅಪ್ಪನ ಕಾಲದಲ್ಲಿ.

"ಹೇಳೋಕೆ ಏನಾಗಿತ್ತು ಗಂಗಮ್ಮ?"

"ಮಣೆ ಹೋಗ್ಬುಡುತ್ತೆ ಅಂತ."

"ಮಣೆ!" ಎಂದರು ಸಾಹೇಬರು. ಬೈಯುವುದಕ್ಕೆ ಹೊರಟ ದನಿ ಅರ್ಧದಲ್ಲಿ ಒಡೆಯಿತು. "ಕಣ್ಣು ಹೋಗಿಬಿಟ್ರೆ ಏನ್ಮಾಡ್ತಿದ್ದೆ?" ಅಂದೇ ಮಧ್ಯಾಹ್ನ ಅವರು ತಮ್ಮ ಹೆಂಡತಿ ಸಾಬಿರಾಳ ಜೊತೆ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ತಟ್ಟೆಯನ್ನು ಸುಟ್ಟರು. ಸಾತನೂರಿನವರಿಗೆ ಮೊಟ್ಟೆ ನಾಲ್ಕು ದಿನ ತಡವಾಗಿ ಹೋಯಿತು.

ಒಂದು ಕಣ್ಣಿನ ಆಪರೇಷನ್ ಆದ ಮೇಲೆ ಇನ್ನೊಂದರದು. ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತ ಗಂಗಕ್ಕ ಮಕ್ಕಳ ತಲೆ ತಿಂದಳು. ಜೂನಿನಲ್ಲಿ ಕೋಠಿಗೆ ಮರಳಿದಾಗ ಬಾಗಿಲಲ್ಲೇ ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ಅವಳ ಮಣೆಯಲ್ಲಿ ಶ್ವೇತ ಕೂತಿದ್ದಳು. ಎಂಟು ತುಂಬಿದ ಹೊಟ್ಟೆ, ಗೋಡೆಗೊರಗಿದ ಬೆನ್ನು. ಗಂಗಕ್ಕನನ್ನು ಕಂಡದ್ದೇ ಗಡಿಬಿಡಿಯಿಂದ ಏಳಲು ಹೋದಳು.

"ಬಾ ಗಂಗಕ್ಕ. ನಿಂದು ಅಂತ್ಲೇ ನೋಡ್ಕಂಡಿದ್ದೆ, ಬೇರೆ ಯಾರ್ನೂ ಕೂರುಸ್ನಿಲ್ಲ."

ಗಂಗಕ್ಕ ಅವಳ ಭುಜ ಒತ್ತಿ ಕೂರಿಸಿದಳು. "ಕೂತ್ಕಳವ್ವ. ನಿನ್ನ ಬೆನ್ನಿಗೆ ಗೋಡೆ ಬೇಕು." ತಾನು ಬಾಗಿಲ ಬಳಿಯ ಮಣೆಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತಳು. ಅಷ್ಟು ದಿನ ಹೆದರಿದ್ದು ಇಷ್ಟಕ್ಕೇನಾ ಎನಿಸಿ ಅವಳಿಗೆ ನಗು ಬಂತು, ಸ್ವಲ್ಪ ಅಳುವೂ ಬಂತು.

ಶ್ವೇತ ಅನುಮಾನದ ಬಟ್ಟಲನ್ನು ಅವಳ ಕಡೆ ಚಾಚಿದಳು. ಗಂಗಕ್ಕ ಒಂದು ಕೋಶ ಎತ್ತಿ ಬೆಳಕಿಗೆ ಹಿಡಿದಳು. ಕುಲುಕಲಿಲ್ಲ. ಎರಡು ಗೆರೆ ನಿಚ್ಚಳವಾಗಿ ಕಂಡವು. "ಹೆಣ್ಣು" ಎಂದಳು. ಕೋಠಿಯ ಹೆಂಗಸರೆಲ್ಲ ತಿರುಗಿ ನೋಡಿ ನಕ್ಕರು.

ಆ ನಗುವಿನ ಸಂದಿಯಲ್ಲೇ ಶ್ವೇತ ಅವಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ನಮ್ಮತ್ತೆ ದಿನಾ ಕೇಳ್ತಾಳೆ ಗಂಗಕ್ಕ. ಹೇಳು, ಇದೇನು?"

ಈ ಸಲ ಗಂಗಕ್ಕ ರೇಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಅಂಗೈಯ ಕೆಳಗೆ ಒಳಗಿನಿಂದ ಒಂದು ಒದೆ ಬಿತ್ತು.

"ಅನುಮಾನದ ಬಟ್ಟಲ್ನಾಗೇ ಇರ್ಲಿ ಬುಡು" ಎಂದಳು. "ಬಂದ ಮ್ಯಾಲೆ ಮೊದ್ಲು ಮಖ ನೋಡ್ತೀನಿ. ನಂಗೀಗ ಕಣ್ಣು ಕಾಣುತ್ತೆ."