ಕೈಗುಣ

ಅಪ್ಪ ತೀರಿಕೊಂಡ ಮರುವರ್ಷ ನನ್ನ ಕತ್ತು ಎಡಕ್ಕೆ ತಿರುಗದಾಯಿತು. ಆಫೀಸಿನಲ್ಲಿ ನನ್ನ ಮೇಲಧಿಕಾರಿ ಕೂರುತ್ತಿದ್ದದ್ದು ಎಡಗಡೆ, ಹೀಗಾಗಿ ಮೊದಮೊದಲು ನಾನದನ್ನು ಕಾಯಿಲೆ ಎಂದುಕೊಳ್ಳಲಿಲ್ಲ. ಆಮೇಲೆ ನೋವು ಶುರುವಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಲ್ಲ ಟೆನ್ಷನ್, ಅದನ್ನು ಬಿಟ್ಟುಬಿಡಿ ಎಂದರು ಆಸ್ಪತ್ರೆಯವರು, ಅದನ್ನು ನಾನೇ ಹಿಡಿದು ಕಟ್ಟಿಹಾಕಿಕೊಂಡಿದ್ದೇನೋ ಎಂಬಂತೆ.

ಕಾಚಿಗೂಡದ ನಮ್ಮ ಮನೆಯಲ್ಲಿ ಇದಕ್ಕೆ ಬೇರೆ ಮದ್ದಿತ್ತು. ಅವ್ವ ಎರಡೂ ಅಂಗೈಯಿಂದ ನನ್ನ ಕೆನ್ನೆ ಸವರಿ, ಬೆರಳು ಮಡಚಿ, ತನ್ನ ಹಣೆಯ ಎರಡೂ ಪಕ್ಕಕ್ಕೆ ಒತ್ತಿ ನೆಟಿಗೆ ಮುರಿಯುತ್ತಿದ್ದಳು. ಸಪ್ಪಳ ಜೋರಾದಷ್ಟೂ ದೃಷ್ಟಿ ಜಾಸ್ತಿ ಆಗಿತ್ತು ಎಂದು ಅರ್ಥ. ಅಪ್ಪ ಹೋದ ಮೇಲೆ ಅದು ನಿಂತಿತು. ಗಂಡನಿಲ್ಲದವಳ ಕೈ ಮಕ್ಕಳ ಮುಖಕ್ಕೆ ಒಳ್ಳೆಯದಲ್ಲ ಎಂದು ಅವ್ವ ತಾನೇ ತೀರ್ಮಾನಿಸಿದ್ದಳು. ಜ್ವರ ಬಂದರೆ ಕಾಲು ಒತ್ತುತ್ತಿದ್ದಳು, ಮುಖ ಮಾತ್ರ ಮುಟ್ಟುತ್ತಿರಲಿಲ್ಲ. ನಾನು ಜಗಳಾಡಿದೆ, ಬೈದೆ, ಕೊನೆಗೆ ಬೇಡಿಕೊಂಡೆ. "ಶಾಸ್ತ್ರ ಏನ್ ನಾ ಬರದೀನೇನು?" ಎನ್ನುತ್ತಿದ್ದಳು. ಅಪ್ಪನ ಜೊತೆ ಆ ಕೈಗಳೂ ಹೋದವಲ್ಲ ಎಂದು ನನಗೆ ತುಂಬ ದುಃಖವಾಗುತ್ತಿತ್ತು.

ಗೆಳತಿಯೊಬ್ಬಳ ಮಾತು ಕೇಳಿ ಕೀಲು ತಿರುಗಿಸಿ ನೋವು ಬಿಡಿಸುವ, ಸಿಕಂದರಾಬಾದಿನ ಕೈರೊಪ್ರ್ಯಾಕ್ಟರ್ ಬಳಿ ಹೊರಟೆ. ಎಲುಬು ಮುರಿಯುವವರ ಹತ್ತಿರ ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಅವ್ವನೂ ಬಂದಳು. ಡಾಕ್ಟರು ಅವ್ವನಿಗಿಂತ ಸ್ವಲ್ಪ ಚಿಕ್ಕವರು, ನಗು ಕಡಿಮೆಯಿದ್ದ ತೆಲುಗು ಹೆಂಗಸು. ನನ್ನನ್ನು ಅಂಗಾತ ಮಲಗಿಸಿ, ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಡು ಎಂದರು. ಬಿಟ್ಟೆ. ಕತ್ತು ಲಟಕ್ ಎಂದಿತು. ಇನ್ನೊಂದು ಕಡೆ ತಿರುಗಿಸಿದರು. ಅಲ್ಲೂ ಲಟಲಟ.

ಮೂಲೆಯ ಕುರ್ಚಿಯಿಂದ ಅವ್ವ ಮುಂದಕ್ಕೆ ಬಾಗಿದಳು. "ಭಾಳ ದೃಷ್ಟಿ ಆಗಿತ್ತು ನೋಡು," ಎಂದಳು.

ಅದು ಕೀಲಿನೊಳಗಿನ ಗಾಳಿಯ ಸಪ್ಪಳ, ಟೆನ್ಷನ್‌ಗೆ ಸ್ನಾಯು ಬಿಗಿದಿದೆ, ಮತ್ತೆ ಬರಬೇಕು ಎಂದು ಡಾಕ್ಟರು ತೆಲುಗಿನಲ್ಲಿ ವಿವರಿಸಿದರು. ಅವ್ವ ವಿನಯದಿಂದ ಕೇಳಿಸಿಕೊಂಡಳು, ಒಂದನ್ನೂ ನಂಬಲಿಲ್ಲ. ಆಮೇಲೆ, ಹೊಸಬರು ಯಾರೇ ಸಿಕ್ಕರೂ ಕೇಳುವುದನ್ನು ಅವರಿಗೂ ಕೇಳಿದಳು: ಮನೆಯವರು ಏನು ಮಾಡುತ್ತಾರೆ?

"ಲೇರಮ್ಮಾ," ಎಂದರು ಡಾಕ್ಟರು, ಕೈ ತೊಳೆಯುತ್ತ. ಗಂಡ ತೀರಿಕೊಂಡು ಬಹಳ ವರ್ಷಗಳಾದವಂತೆ.

ಆಟೊದಲ್ಲಿ ಅರ್ಧ ದಾರಿ ಕಳೆದ ಮೇಲೆ ಅವ್ವ, "ಕತ್ತು ತಿರಗತೈತೇನು?" ಎಂದಳು.

ಅವಳು ಕುಳಿತಿದ್ದದ್ದು ನನ್ನ ಎಡಕ್ಕೆ. ತಿರುಗಿ ಅವಳನ್ನೇ ನೋಡಿದೆ. "ತಿರಗತೈತಿ."

"ಆಕೀ ಕೈಗುಣ ಚಲೋ ಐತಿ."

ಹೂಂ ಎಂದೆ. ಅದರ ಮೇಲೆ ಇನ್ನೊಂದು ಮಾತು ಆಡಿದರೂ ಕೆಡುತ್ತದೆ ಎಂದು ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದು ನನ್ನ ಸ್ವಭಾವಕ್ಕೆ ಕಷ್ಟದ ಕೆಲಸ, ಮನೆ ಬರುವಷ್ಟರಲ್ಲಿ ಕತ್ತು ಮತ್ತೆ ಬಿಗಿಯತೊಡಗಿತ್ತು.

ನಾನು ಚಪ್ಪಲಿ ಬಿಡುವುದರೊಳಗೆ ಅವ್ವ ಕೈಕಾಲು ತೊಳೆದು ಬಂದಳು. "ಕುಂದ್ರು," ಎಂದಳು. ಕುಳಿತೆ. ಅವಳ ಅಂಗೈ ಇನ್ನೂ ಒದ್ದೆಯಾಗಿತ್ತು. ನನ್ನ ಕೆನ್ನೆ ಸವರಿ, ಬೆರಳು ಮಡಚಿ ಹಣೆಗೆ ಒತ್ತಿದಳು. ಹತ್ತೂ ಬೆರಳು ಲಟಲಟ ಮುರಿದವು. ನಾನು ಅತ್ತುಬಿಟ್ಟೆ.

ಅವ್ವ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು.

"ಡಾಕ್ಟರಮ್ಮ ಇನ್ನೂ ಭಾಳ ದೃಷ್ಟಿ ಬಿಟ್ಟಿದ್ಳು," ಎಂದಳು.