ಮುಂದಿನ ಸಾಲಿನ ಗೊರಕೆ

ದೆವ್ವ, ಮೈಮೇಲೆ ಬರುವುದು ಎಂದರೆ ನನಗೆ ನಗು ಬರುತ್ತಿತ್ತು. ನಾನು ಮಕ್ಕಳ ಡಾಕ್ಟರು. ನಿದ್ದೆಯಲ್ಲಿ ಚೀರುವ ಮಗುವಿಗೆ ತಾಯತ ಕಟ್ಟಿಸಿಕೊಂಡು ಬಂದವರನ್ನು ಗದರಿದವಳು. ಆದರೆ ಕೆಲವು ವರ್ಷಗಳ ಹಿಂದೆ ಹೆಗ್ಗಡದೇವನಕೋಟೆಯಲ್ಲಿ ಹಾಡುಹಗಲೇ ಕೇಳಿದ್ದನ್ನು ಇಲ್ಲ ಎನ್ನಲು ನನ್ನಿಂದ ಆಗುವುದಿಲ್ಲ.

ಮಕ್ಕಳ ವೈದ್ಯಕೀಯ ಕಲಿಯುತ್ತಿರುವ ಡಾಕ್ಟರುಗಳಿಗೆ ನಾನು ನಿದ್ದೆಯ ಕಾಯಿಲೆಗಳ ಪಾಠ ಹೇಳುತ್ತೇನೆ. ಸೇವೆ ಎಂದು ಜನ ಹೊಗಳುತ್ತಾರೆ. ಸುಳ್ಳು, ಅದು ನನ್ನ ಹಗೆ. ಕಂಪಲಾಪುರದಲ್ಲಿರುವ ನನ್ನ ಅಕ್ಕನಿಗೆ ಗೌರಿ ಎಂಬ ಆರು ವರ್ಷದ ಮಗಳಿದ್ದಳು. ಮಲಗಿದರೆ ಗೊರಕೆ, ನಡುನಡುವೆ ಉಸಿರೇ ನಿಂತುಬಿಡುತ್ತಿತ್ತು. ಅಕ್ಕ ಅವಳನ್ನು ದೊಡ್ಡ ಡಾಕ್ಟರೊಬ್ಬರ ಬಳಿ ಕರೆದೊಯ್ದಳು. ಅವರು ಗಂಟಲಿಗೆ ಟಾರ್ಚು ಸಹ ಬಿಡದೆ, "ಗೊರಕೆ ಹೊಡೆಯುವ ಮಗು ಸುಖವಾಗಿ ನಿದ್ರಿಸುತ್ತಿದೆ ಎಂದರ್ಥ, ಹೋಗಮ್ಮ" ಎಂದು ನಕ್ಕು ಕಳಿಸಿದರು. ತಿಂಗಳೊಳಗೆ ಒಂದು ಬೆಳಗ್ಗೆ ಗೌರಿ ಏಳಲಿಲ್ಲ. ನಾನಾಗ ಇನ್ನೂ ಓದುತ್ತಿದ್ದೆ. ಆ ಮನುಷ್ಯನ ಮಾನವನ್ನು ನಾಲ್ಕು ಜನರೆದುರು ಹರಾಜು ಹಾಕಬೇಕೆಂದು ಅಂದೇ ಹಲ್ಲು ಕಚ್ಚಿದೆ.

ಹೆಗ್ಗಡದೇವನಕೋಟೆಯಲ್ಲಿ ನಾನು ಪಾಠ ಹೇಳಬೇಕಿದ್ದ ತರಬೇತಿಗೆ ಆ ದೊಡ್ಡ ಡಾಕ್ಟರೇ ಮುಖ್ಯ ಅತಿಥಿ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಪಾಠದಲ್ಲಿ ಗೌರಿಯ ಕಥೆ ಹೇಳಿ, ಕೊನೆಗೆ ಅವರತ್ತ ಬೆರಳು ತೋರಿಸುವುದೆಂದು ನಿಶ್ಚಯಿಸಿದ್ದೆ. ಆದರೆ ಮುದ್ದೆ, ನಾಟಿಕೋಳಿ ಸಾರು ಉಂಡು ಬಂದ ಆಸಾಮಿ, ಅತಿಥಿಗಳಿಗೆಂದು ಮುಂದಿನ ಸಾಲಿನಲ್ಲಿ ಹಾಕಿದ್ದ ಸೋಫಾದ ಮೇಲೆ ಜಾರಿ ಮಲಗಿ, ಗೊರಕೆ ಶುರು ಮಾಡಿದರು. ಹುಡುಗರು ಮುಸಿಮುಸಿ ನಕ್ಕರು. ಅಷ್ಟರಲ್ಲಿ ಗೊರಕೆ ಥಟ್ಟನೆ ನಿಂತಿತು. ಎದೆ ಏಳುತ್ತಿದೆ, ಹೊಟ್ಟೆ ಎಳೆಯುತ್ತಿದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ.

"ಎಬ್ಬಿಸ್ಲಿ ಏನ್ರಿ ಮೇಡಂ?" ಬೀದರ್ ಕಡೆಯಿಂದ ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಎದ್ದಳು.

"ಬೇಡ, ನೋಡಿ ಕಲೀರಿ" ಎಂದೆ. ನಿಜ ಹೇಳುತ್ತೇನೆ, ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಅವರ ತುಟಿ ನೀಲಿಗಟ್ಟಿದರೂ ನಾನು ಅಲುಗಲಿಲ್ಲ.

ಆಗ ಆ ತೆರೆದ ಬಾಯಿಂದ ಪುಟ್ಟ ಮಗುವಿನ ದನಿ ಬಂತು: "ಚಿಕ್ಕವ್ವಾ, ಎತ್ತಿ ಕೂರ್ಸು. ಮನಿಕ್ಕಂಡ್ರೆ ಉಸ್ರು ಬರಾಕಿಲ್ಲ ಕಣವ್ವ."

ಅದು ಗೌರಿಯ ದನಿ. ಮಲಗಿದರೆ ಉಸಿರು ಬಾರದೆಂದು, ನಾನು ಅಕ್ಕನ ಮನೆಗೆ ಹೋದಾಗಲೆಲ್ಲ ನನ್ನ ಪಕ್ಕ ಮಲಗಿ ಅವಳು ಹೇಳುತ್ತಿದ್ದ ಮಾತು. ನನಗೇ ಅರಿವಿಲ್ಲದೆ ಓಡಿಹೋಗಿ ಅವರ ಭುಜ ಹಿಡಿದು ಎತ್ತಿ ಕೂರಿಸಿದ್ದೆ. ಅವರು ಬುಸ್ಸೆಂದು ಉಸಿರೆಳೆದುಕೊಂಡು ಕಣ್ಣುಬಿಟ್ಟು, "ಪಾಠ ಬಹಳ ಚೆನ್ನಾಗಿತ್ತಮ್ಮ" ಎಂದರು. ಎಷ್ಟೋ ವರ್ಷ ಮಸೆದಿಟ್ಟುಕೊಂಡಿದ್ದ ಮಾತನ್ನು ಆಡದೆ, ಪಾಠವನ್ನು ಅಲ್ಲಿಗೇ ಮುಗಿಸಿದೆ.

ನನ್ನ ಭ್ರಮೆ ಎಂದುಕೊಳ್ಳೋಣವೆಂದರೆ, ಬೀದರಿನ ಹುಡುಗಿ ಆಮೇಲೆ ಬಳಿಗೆ ಬಂದು, "ಮನಿಕ್ಕಂಡ್ರೆ ಅಂದ್ರ ಏನ್ರಿ ಮೇಡಂ?" ಎಂದು ಕೇಳಿದಳು. ಅಂದರೆ ನಮ್ಮ ಕಡೆಯ ಆ ಮಾತು ಅವಳಿಗೂ ಕೇಳಿಸಿತ್ತು. ಆ ಡಾಕ್ಟರೋ ಪುಸ್ತಕದ ಕನ್ನಡ ಬಿಟ್ಟು ಬೇರೆ ಮಾತಾಡಿದವರಲ್ಲ. ನಿದ್ದೆಯಲ್ಲಿ ಮಾತಾಡುವವರ ಬಗ್ಗೆ ನಾನೇ ಪಾಠ ಮಾಡುತ್ತೇನೆ, ಸರಿ. ಆದರೆ ಉಸಿರೇ ಆಡದಿದ್ದಾಗ ದನಿ ಹೊರಟದ್ದು ಹೇಗೆ? ನನಗೆ ತಿಳಿಯದು. ಹಗೆಯಂತೂ ಆರಿಲ್ಲ. ಅವರನ್ನು ಎತ್ತದೆ ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು ಎಂದು ಇಂದಿಗೂ ಕೈಕೈ ಹಿಸುಕಿಕೊಳ್ಳುತ್ತೇನೆ.

ಗೌರಿಯ ದನಿ ಕೇಳಿದ್ದನ್ನು, ಎತ್ತಿ ಕೂರಿಸಿದ್ದನ್ನು ಅಕ್ಕನಿಗೆ ಹೇಳಿದೆ. ಅವಳು, "ಕೂರ್ಸಿದ್ಮೇಲೆ ಮಗೀಗೆ ಉಸ್ರು ಬಂತಾ?" ಎಂದಳು.

ಉಸಿರು ಬಂದದ್ದು ಆ ಡಾಕ್ಟರಿಗೆ. ಅದನ್ನು ಅಕ್ಕನಿಗೆ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.